ಜಿ ಸ್ವರದೊಳಗೆ ಕೂತಿದ್ದ ಗುಂಯ್

ನಮ್ಮ ಗಿಟಾರ್ ರೆಕಾರ್ಡಿಂಗಿನಲ್ಲಿ ಕೂತಿದ್ದ ಗುಂಯ್ ಸದ್ದು ಹೋಯಿತು! ಮೂರು ವಾರ ನಿದ್ದೆ ಕೆಡಿಸಿದ್ದು ನಿನ್ನೆ ರಾತ್ರಿ ಒಂದು ಸ್ವಿಚ್ ಒತ್ತಿದ್ದಕ್ಕೆ ನಿಂತಿತು. ಖುಷಿ ತಡೆಯಲಾಗದೆ ಆಗಲೇ ಭಾವನಿಗೆ ಫೋನ್ ಮಾಡಿದೆ. "ಮದ್ದಳೆ ಸರಿ ಕೇಳ್ತದಾ?" ಅಂದರು ನಿದ್ದೆಗಣ್ಣಲ್ಲಿ. ಕೇಳ್ತದೆ ಭಾವಾ, ಎಷ್ಟು ಚೆಂದ ಕೇಳ್ತದೆ ಗೊತ್ತಾ!

ರಾಕ್ ಬ್ಯಾಂಡಿನ ಕೆಲಸದ ನಡುವೆ ನಾವಿಬ್ಬರು ಮಾಡುತ್ತಿರುವುದು ಇದು: ನನ್ನ ಎಲೆಕ್ಟ್ರಿಕ್ ಗಿಟಾರ್, ಭಾವನ ಮದ್ದಳೆ, ಮತ್ತೆ ಯಾರೂ ಇಲ್ಲ. ಕುಂಬಳೆ ಹತ್ತಿರದ ಒಂದು ಹಾಲ್‌ನಲ್ಲಿ ಜನರ ಎದುರೇ ನುಡಿಸಿ ರೆಕಾರ್ಡ್ ಮಾಡಿದೆವು.  ಗಿಟಾರಿನ ಸದ್ದು ದೊಡ್ಡದು ಮಾಡುವ ಅಂಪ್‌ನ ಮುಂದೆ ಒಂದು ಮೈಕ್, ಅದು ಒಂದು ಟ್ರ್ಯಾಕ್. ಅಂಪ್‌ನ ಲೈನ್ ಔಟ್‌ನಿಂದ ನೇರ ತಂತಿ ಎಳೆದು, ಸದ್ದನ್ನು ಲ್ಯಾಪ್‌ಟಾಪಿಗೆ ಕೊಡುವ ಇಂಟರ್‌ಫೇಸಿಗೆ ಇನ್ನೊಂದು ಟ್ರ್ಯಾಕ್, ಅದೇ ಲೈನ್ ಟ್ರ್ಯಾಕ್.

ಮನೆಗೆ ಬಂದು ಹೆಡ್‌ಫೋನ್ ಹಾಕಿದರೆ, ಲೈನ್ ಟ್ರ್ಯಾಕಿನ ಕೆಳಗಿನ ಜಿ ಸ್ವರ ವೂಂ-ವೂಂ ಅಂತ ತೂಗುತ್ತಿತ್ತು. ಎ ಸರಿ, ಸಿ ಸರಿ, ಜಿ ಬಂದಾಗ ಮಾತ್ರ ಹೀಗೆ. ಮದ್ದಳೆಯ ಶ್ರುತಿ ಬಿಳಿ ಐದು, ಅಂದರೆ ನಮ್ಮ ಜಿ. ಹಾಗಾಗಿ ನುಡಿಸಿದ್ದೆಲ್ಲ ಜಿ ಸುತ್ತಲೇ. ತಂತಿ ಬದಲಿಸಿದೆ, ಪ್ರತಿ ಫ್ರೆಟ್‌ನಲ್ಲೂ ಸ್ವರ ಸರಿ ಇದೆಯಾ ಅಂತ ಇಂಟೊನೇಶನ್ ನೋಡಿದೆ, ಏನೂ ಆಗಲಿಲ್ಲ.

ಕೊನೆಗೆ ಪೆನ್ನು ಹಿಡಿದು ಲೆಕ್ಕ ಹಾಕಿದೆ. ದಪ್ಪ ತಂತಿಯ ಮೂರನೇ ಫ್ರೆಟ್‌ನ ಜಿ 98 ಹರ್ಟ್ಸ್, ಅಂದರೆ ಸೆಕೆಂಡಿಗೆ 98 ಕಂಪನ. ನಮ್ಮ ಕರೆಂಟ್ 50, ಅದರ ಗುಂಯ್‌ನಲ್ಲಿ ದುಪ್ಪಟ್ಟು 100 ಕೂಡ ಇರುತ್ತದೆ. ಎರಡೂ ಸೇರಿದರೆ ಸೆಕೆಂಡಿಗೆ ಎರಡು ಸಲ ಏರಿ ಇಳಿಯುತ್ತದೆ, ಅದೇ ಆ ವೂಂ-ವೂಂ. ಬೇರೆ ಸ್ವರಗಳಲ್ಲೂ ಗುಂಯ್ ಇತ್ತು, ಅಲ್ಲಿ ಸುಮ್ನೆ ಹಿಂದೆ ಕೂತಿತ್ತು ಅಷ್ಟೇ.

ಒಂದೇ ಕಂಪನದ ಸದ್ದನ್ನು ತೆಗೆಯುವ ನಾಚ್ ಫಿಲ್ಟರ್ ಹಾಕಿ 100 ಕತ್ತರಿಸಿದರೆ ಪಕ್ಕದ 98 ಕೂಡ ಸೊರಗಿತು. ಆಮೇಲೆ ತಂತಿಯ ಕಂಪನ ಹಿಡಿಯುವ ನನ್ನ ಗಿಟಾರಿನ ಪಿಕಪ್ ಮೇಲೆ ಅನುಮಾನ ಬಂತು, ಅದರಲ್ಲಿ ಇರುವುದು ಒಂದೇ ಕಾಯಿಲ್, ಗುಂಯ್ ಸುಲಭಕ್ಕೆ ಹಿಡಿಯುತ್ತದೆ. ಸ್ನೇಹಿತನ ಹಂಬಕರ್ ಗಿಟಾರ್ ತಂದು ನೋಡಿದೆ. 1955ರಲ್ಲಿ ಗಿಟಾರ್ ಕಂಪನಿ ಗಿಬ್ಸನ್‌ನ ಸೇತ್ ಲವರ್ ಎರಡು ಕಾಯಿಲ್‌ಗಳನ್ನು ಒಂದಕ್ಕೊಂದು ಉಲ್ಟಾ ಜೋಡಿಸಿ ಗುಂಯ್ ಹೊಡೆದುಹಾಕಿದ ಆ ಪಿಕಪ್‌ನಲ್ಲೂ ಇದು ಹೋಗಲಿಲ್ಲ. ಅಲ್ಲಿಗೆ ಪಿಕಪ್ ತಪ್ಪಲ್ಲ ಅಂತ ಖಾತ್ರಿಯಾಯಿತು. ಮತ್ತೆ ನೆನಪಾಯಿತು, ಅಂಪ್‌ನ ಸ್ಪೀಕರ್‌ನಲ್ಲಿ ಗುಂಯ್ ಇರಲೇ ಇಲ್ಲ, ಮೈಕ್ ಟ್ರ್ಯಾಕ್ ಕೂಡ ಶುದ್ಧ. ಹಾಗಾದರೆ ತಪ್ಪು ಲ್ಯಾಪ್‌ಟಾಪಿಗೆ ಹೋಗುವ ಲೈನಿನಲ್ಲೇ.

ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ. ನಿಂತಿತು! ಅಂಪ್ ಒಂದು ಪ್ಲಗ್ಗಿನಲ್ಲಿ, ಚಾರ್ಜರ್ ಇನ್ನೊಂದರಲ್ಲಿ, ಎರಡರ ಅರ್ತ್ ಆಡಿಯೋ ಕೇಬಲ್ ಮೂಲಕ ಸೇರಿ ಒಂದು ಸುತ್ತು, ಅದರಲ್ಲಿ ಕರೆಂಟಿನ ಗುಂಯ್ ಹರಿಯುತ್ತದೆ. ಇದಕ್ಕೇ ಗ್ರೌಂಡ್ ಲೂಪ್ ಅನ್ನುವುದು. ಆದರೆ ನನ್ನ ಬ್ಯಾಟರಿ ನಲವತ್ತು ನಿಮಿಷಕ್ಕಿಂತ ಜಾಸ್ತಿ ಬರುವುದಿಲ್ಲ. ಒಬ್ಬರು ಅಂಪ್‌ನ ಅರ್ತ್ ಪಿನ್ ತೆಗೆದುಬಿಡು ಅಂದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. 1972ರಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ಲಿ ಹಾರ್ವೆ ಸ್ಟೇಜ್ ಮೇಲೆಯೇ ಶಾಕ್ ಹೊಡೆದು ತೀರಿಕೊಂಡರು, ಅರ್ತ್ ಸರಿ ಇಲ್ಲದ ಮೈಕ್ ಮುಟ್ಟಿ.

ಸರಿಯಾದ ದಾರಿ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್, ಅಂಪ್ ಮತ್ತು ಇಂಟರ್‌ಫೇಸಿನ ನಡುವೆ ಇಡುವ ಡಬ್ಬ. ಟ್ರಾನ್ಸ್‌ಫಾರ್ಮರ್ ತಂತಿ ತಾಗಿಸದೆ ಸದ್ದನ್ನು ದಾಟಿಸುತ್ತದೆ, ಗ್ರೌಂಡ್ ಲಿಫ್ಟ್ ಅನ್ನುವ ಸ್ವಿಚ್ ಎರಡು ಕಡೆಯ ಕೇಬಲ್‌ನ ಗ್ರೌಂಡ್ ಬಿಡಿಸುತ್ತದೆ. ರೈಲು ಹತ್ತಿ ಮಂಗಳೂರಿಗೆ ಹೋಗಿ ಒಂದು ತಂದೆ. ಗ್ರೌಂಡ್ ಲಿಫ್ಟ್ ಒತ್ತಿದರೂ ಗುಂಯ್ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಬಿಚ್ಚಿ ನೋಡಿದರೆ ಒಳಗೆ ಬರೀ ರೆಸಿಸ್ಟರ್‌ಗಳು! ಡಬ್ಬದ ಮೇಲೆ ಮಾತ್ರ ಐಸೊಲೇಶನ್, ಅಂದರೆ ಎರಡು ಕಡೆಯನ್ನು ಬೇರ್ಪಡಿಸುತ್ತದೆ ಅಂತ ದೊಡ್ಡದಾಗಿ ಬರೆದಿದೆ. ಬಿಚ್ಚಿದ್ದಕ್ಕೆ ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಬಿಚ್ಚದೆ ಗೊತ್ತಾಗುವುದಾದರೂ ಹೇಗೆ ಮಾರಾಯ್ರೇ? ಇನ್ನೊಂದನ್ನು ಕೊರಿಯರ್‌ನಲ್ಲಿ ತರಿಸಿದೆ, ಹನ್ನೊಂದು ದಿನ ಕಾದೆ. ಕೈಗೆ ತೆಗೆದುಕೊಂಡಾಗಲೇ ಭಾರ ಗೊತ್ತಾಯಿತು, ಒಳಗೆ ಟ್ರಾನ್ಸ್‌ಫಾರ್ಮರ್ ಇದೆ ಅಂತ. ಗ್ರೌಂಡ್ ಲಿಫ್ಟ್ ಒತ್ತಿದೆ, ಅಷ್ಟೇ.

ಹಳೆಯ ರೆಕಾರ್ಡಿಂಗೂ ಉಳಿಯಿತು. 250 ಹರ್ಟ್ಸ್‌ನಿಂದ ಕೆಳಗಿನ ಸದ್ದಿಗೆ ಗುಂಯ್ ಇಲ್ಲದ ಮೈಕ್ ಟ್ರ್ಯಾಕ್, ಮೇಲಿನದಕ್ಕೆ ಲೈನ್ ಟ್ರ್ಯಾಕ್. ಮೈಕ್‌ನಲ್ಲಿ ಮದ್ದಳೆಯೂ ಸ್ವಲ್ಪ ಬಂದಿದೆ, ಅದು ಇರಲಿ ಅಂತ ಬಿಟ್ಟೆ.

ಈಗ ತಲೆ ತುಂಬ ಬೇರೆಯದೇ ಓಡುತ್ತಿದೆ. ಅಮೆರಿಕದ ರಾಕ್ ಬ್ಯಾಂಡ್ ಗ್ರೇಟ್‌ಫುಲ್ ಡೆಡ್‌ನವರು 1974ರಲ್ಲಿ ಸ್ಪೀಕರ್‌ಗಳನ್ನೆಲ್ಲ ಬ್ಯಾಂಡಿನ ಬೆನ್ನಿಗೇ ಇಟ್ಟಾಗ ಒಬ್ಬೊಬ್ಬ ಹಾಡುಗಾರನಿಗೆ ಎರಡೆರಡು ಮೈಕ್ ಕೊಟ್ಟಿದ್ದರು, ಒಂದರ ಪ್ಲಸ್-ಮೈನಸ್ (ಪೊಲಾರಿಟಿ) ಉಲ್ಟಾ. ಎರಡಕ್ಕೂ ಸಮನಾಗಿ ಬಂದ ಸದ್ದು ವಜಾ ಆಗುತ್ತದೆ, ಬಾಯಿ ಹತ್ತಿರ ಇಟ್ಟ ಮೈಕಿನ ಹಾಡು ಉಳಿಯುತ್ತದೆ. ಹಂಬಕರ್‌ನ ಉಪಾಯವೇ ಅಲ್ವಾ? ತಾಳಮದ್ದಳೆಯಲ್ಲಿ ಭಾಗವತರ ಮೈಕಿಗೆ ಚೆಂಡೆ ನುಗ್ಗುವುದನ್ನು ಹೀಗೆ ತಡೆಯಬಹುದು. ದನಿ ಸ್ವಲ್ಪ ತೆಳುವಾದೀತು ಅನ್ನುವುದೊಂದೇ ನನ್ನ ಹೆದರಿಕೆ. ಒಂದೇ ತರಹದ ಎರಡು ಮೈಕ್ ಬೇಕು. ಬದಿಯಡ್ಕ ಕಡೆ ಯಾರ ಹತ್ತಿರವಾದರೂ ಇದ್ದರೆ ಎರಡು ದಿನಕ್ಕೆ ಕೊಡಿ, ಜೋಪಾನವಾಗಿ ತಂದು ಮುಟ್ಟಿಸುತ್ತೇನೆ.