ಕಂದು ರೋಗದ ಬೆನ್ನು ಹತ್ತಿ

ಗಾಜಿನ ಫಲಕದ ಮೇಲೆ ಆಕಳ ಸೀರಮ್ಮಿನ (ರಕ್ತದ ತಿಳಿ ಭಾಗದ) ಒಂದು ಹನಿ, ಪಕ್ಕದಲ್ಲಿ ಗುಲಾಬಿ ಬಣ್ಣದ ಪರೀಕ್ಷಾ ದ್ರಾವಣದ ಇನ್ನೊಂದು ಹನಿ ಹಾಕಿ, ಕಡ್ಡಿಯಿಂದ ಬೆರೆಸಿ, ಫಲಕವನ್ನು ಮೆಲ್ಲನೆ ಓಲಾಡಿಸುತ್ತ ಕೂತರೆ ನಾಲ್ಕು ನಿಮಿಷದೊಳಗೆ ಉತ್ತರ ಸಿಗುತ್ತದೆ. ಮಿಶ್ರಣ ನುಣುಪಾಗಿ ಉಳಿದರೆ ಬಹುಮಟ್ಟಿಗೆ ನಿರಾಳ. ಹಾಲು ಒಡೆದಂತೆ ಅದರಲ್ಲಿ ಗುಲಾಬಿ ಹರಳು ಕಟ್ಟತೊಡಗಿದರೆ, ಆ ರಕ್ತದಲ್ಲಿ ಕಂದು ರೋಗವನ್ನು (ದನ ದಿನ ತುಂಬುವ ಮೊದಲೇ ಕಂದು ಹಾಕುವ, ಅಂದರೆ ಗರ್ಭಪಾತವಾಗುವ ಬ್ರುಸೆಲ್ಲೋಸಿಸ್ ರೋಗವನ್ನು) ತರುವ ಬ್ರುಸೆಲ್ಲಾ ಬ್ಯಾಕ್ಟೀರಿಯಾದ ವಿರುದ್ಧ ಹುಟ್ಟಿದ ಪ್ರತಿಕಾಯಗಳಿವೆ ಎಂದು ತಿಳಿದು, ಎಲೈಸಾ ಎಂಬ ಇನ್ನೊಂದು ಪ್ರತಿಕಾಯ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತೇವೆ. ಬೀದರಿನ ಪ್ರಯೋಗಾಲಯದಲ್ಲಿ ಈ ರೋಸ್ ಬೆಂಗಾಲ್ ಪರೀಕ್ಷೆಯನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಹರಳು ಕಂಡಾಗ ಮಾತ್ರ ಈಗಲೂ ಎದೆ ಭಾರವಾಗುತ್ತದೆ, ಏಕೆಂದರೆ ನಿಜವಾದ ಕಷ್ಟ ಶುರುವಾಗುವುದು ಅಲ್ಲಿಂದ.

ಕಳೆದ ಮಳೆಗಾಲದಲ್ಲಿ ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಗೆ ರಕ್ತದ ಮಾದರಿ ತರಲು ಹೋಗಿದ್ದೆ. ಬಿಳಿ ಮೈಮೇಲೆ ಕಪ್ಪು ಮಚ್ಚೆಗಳಿದ್ದ ಶೇವರಾ ಬಗೆಯ ದೇವಣಿ ತಳಿಯ ಆಕಳೊಂದನ್ನು ತೋರಿಸಿ, ಮನೆಯ ಹಿರಿಯ ಹೆಣ್ಣುಮಗಳು, "ಏಳ ತಿಂಗಳಿಗೇ ಕಂದು ಹಾಕ್ಯದ್ರಿ ಸಾಹೇಬ್ರ, ಕಸಾ ಬೀಳಲಿಲ್ಲ, ನಾನೇ ಕೈ ಹಾಕಿ ತಗದೀನ್ರಿ" ಎಂದರು. ಕಸವೆಂದರೆ ಗರ್ಭದ ಮಾಸು; ತೆಗೆದದ್ದು ಬರಿಗೈಯಿಂದ. ದನಗಳಿಂದ ಮನುಷ್ಯರಿಗೂ ಅಂಟುವ ರೋಗವಿದು. ಆಮೇಲೆ ಮಾತಿಗೆ ಮಾತು ಬೆಳೆದು, ಸಂಜೆಯಾದರೆ ಬರುವ ಜ್ವರ, ಸೊಂಟನೋವು, ರಾತ್ರಿ ಸೀರೆ ತೋಯಿಸುವ ಬೆವರು ಎಲ್ಲವೂ ಹೊರಬಂದವು. ಟೈಫಾಯ್ಡ್ ಎಂದು ಅವರು ಎರಡು ಸಲ ಔಷಧ ತೆಗೆದುಕೊಂಡಿದ್ದರು. ದನಗಳ ಬಗ್ಗೆ ಅಷ್ಟೊಂದು ಕೇಳುವ ನನ್ನ ಪ್ರಶ್ನಾವಳಿಯಲ್ಲಿ ಮನೆಯವರ ಜ್ವರದ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ಅಂದು ಅದನ್ನು ಪೆನ್ನಿನಿಂದಲೇ ಬರೆದು ಸೇರಿಸಿದೆ. ಅವರನ್ನು ತಾಲ್ಲೂಕು ಆಸ್ಪತ್ರೆಗೆ ಚೀಟಿ ಬರೆದು ಕಳುಹಿಸಿದೆ; ಮನುಷ್ಯರಲ್ಲಿ ಈ ರೋಗಕ್ಕೆ ಮದ್ದಿದೆ, ಸಾಮಾನ್ಯವಾಗಿ ಆರು ವಾರ ಬಿಡದೆ ಗುಳಿಗೆ ನುಂಗಬೇಕು.

ಆಕಳ ವಿಷಯದಲ್ಲಿ ಆ ಅನುಕೂಲವೂ ಇಲ್ಲ. ಬ್ರುಸೆಲ್ಲಾ ದೇಹದ ಕೋಶಗಳ ಒಳಗೇ ಮನೆ ಮಾಡಿಕೊಳ್ಳುವುದರಿಂದ ಔಷಧ ಕೊಟ್ಟು ಅದನ್ನು ಪೂರ್ತಿ ತೊಲಗಿಸುವುದು ಸಾಧ್ಯವಾಗುವುದಿಲ್ಲ. ಗರ್ಭಕಟ್ಟಿದ ಚೀಲ ಅದಕ್ಕೆ ಬಲು ಪ್ರಿಯವಾದ ಜಾಗ. ಹೀಗಾಗಿ ಕಂದು ಬಿದ್ದಾಗ ಹೊರಬರುವ ಕಸ ಮತ್ತು ನೀರಿನಲ್ಲಿ ಅಪಾರ ಪ್ರಮಾಣದ ಸೋಂಕು ಇರುತ್ತದೆ. ನಾಯಿ ಅದನ್ನು ಓಣಿಗೆ ಎಳೆದೊಯ್ಯುತ್ತದೆ, ನೆರಳಿನ ತೇವದ ನೆಲದಲ್ಲಿ ಅದು ವಾರಗಟ್ಟಲೆ ಬದುಕಿರುತ್ತದೆ. ಎಲ್ಲಕ್ಕಿಂತ ಮೋಸದ ಸಂಗತಿಯೆಂದರೆ, ಒಮ್ಮೆ ಕಂದು ಹಾಕಿದ ಆಕಳು ಮುಂದೆ ಹೆಚ್ಚಾಗಿ ದಿನ ತುಂಬಿಯೇ ಈಯುತ್ತದೆ, ನೋಡಲು ಗಟ್ಟಿಮುಟ್ಟಾಗಿರುತ್ತದೆ, ಆದರೆ ಹಾಲಿನಲ್ಲೂ ಈದಾಗಿನ ಕಸದಲ್ಲೂ ಸೋಂಕು ಹೊರಬೀಳುತ್ತಲೇ ಇರುತ್ತದೆ.

ಸೋಂಕಿತ ರಾಸುಗಳನ್ನು ಹುಡುಕಿ ವಧಿಸಿ, ಮಾಲೀಕರಿಗೆ ಪರಿಹಾರ ಕೊಟ್ಟು ರೋಗವನ್ನು ಮಟ್ಟಹಾಕಿದ ದೇಶಗಳಿವೆ. ನಮ್ಮಲ್ಲಿ ಆ ದಾರಿಯಿಲ್ಲ. ಫಲಿತಾಂಶದ ಹಾಳೆಯನ್ನು ರೈತನ ಕೈಗಿತ್ತು ಬಂದರೆ, ಮುಂದಿನ ವಾರ ಆ ಆಕಳು ಸಂತೆಯಲ್ಲಿರುತ್ತದೆ, ಅದರ ಮುಂದಿನ ವಾರ ಇನ್ನೊಬ್ಬರ ಕೊಟ್ಟಿಗೆಯಲ್ಲಿ. ಇದಕ್ಕೆ ರೈತನನ್ನು ದೂರುವುದು ನನಗೆ ಒಪ್ಪಿತವಲ್ಲ. ಸಾಲ ಮಾಡಿ ಕೊಂಡ ರಾಸನ್ನು ಪರಿಹಾರವಿಲ್ಲದೆ ಕಟ್ಟಿಕೊಂಡು ಮೇಯಿಸು ಎನ್ನಲು ನಮಗೆ ಯಾವ ಅಧಿಕಾರವಿದೆ?

2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಮ್ಮೆ ಲಸಿಕೆ ಹಾಕಲಾಗುತ್ತದೆ. ಇದರಲ್ಲಿ ಬಳಸುವ ಎಸ್-19 ಜೀವಂತ ಲಸಿಕೆ. ಬೆಳೆದ ಆಕಳಿಗೆ ಹಾಕಿದರೆ ಹುಟ್ಟುವ ಪ್ರತಿಕಾಯ ಲಸಿಕೆಯದೋ ರೋಗದ್ದೋ ಎಂದು ನಮ್ಮ ಪರೀಕ್ಷೆ ಹೇಳಲಾರದು. ಕಿವಿಯ ಬಿಲ್ಲೆಯ 12 ಅಂಕಿಗಳನ್ನು ಸರಿಯಾಗಿ ಬರೆದುಕೊಳ್ಳಿ ಎಂದು ನಾನು ವಿದ್ಯಾರ್ಥಿಗಳಿಗೆ ಪದೇ ಪದೇ ಹೇಳುವುದು ಇದಕ್ಕಾಗಿಯೇ; ಯಾವ ರಾಸಿಗೆ ಲಸಿಕೆ ಬಿದ್ದಿದೆ ಎಂಬುದು ಗೊತ್ತಾಗುವುದು ಆ ಸಂಖ್ಯೆಯಿಂದಲೇ.

ಆ ಮನೆಗೆ ಫಲಿತಾಂಶ ಹೇಳಲು ನಾನೇ ಹೋದೆ. ಹಾಲನ್ನು ಉಕ್ಕಿಸಿ ಕುದಿಸದೆ ಕುಡಿಯಬಾರದು, ಈಯುವ ಹೊತ್ತಿಗೆ ಆಕಳನ್ನು ಬೇರೆ ಕಟ್ಟಬೇಕು, ಕಸವನ್ನು ಗವಸು ತೊಟ್ಟು ತೆಗೆದು ಸುಣ್ಣ ಹಾಕಿ ಆಳವಾಗಿ ಹೂಳಬೇಕು ಎಂದು ವಿವರಿಸುತ್ತ ಒಂದು ಮಧ್ಯಾಹ್ನವೇ ಕಳೆಯಿತು. ಅವರು ಬಹಳ ಹೊತ್ತು ಸುಮ್ಮನಿದ್ದು, ಮಗನನ್ನು ಕರೆದು, ಬೇವಿನ ಗಿಡದಾಚೆ ಗುಂಡಿ ತೆಗೆಯುವ ಜಾಗವನ್ನು ಕೈಮಾಡಿ ತೋರಿಸಿದರು.