ಆಗಸ್ಟ್ ಒಂದಕ್ಕೆ ಇನ್ನು ಎಂಟು ದಿನ

ಗಂಗೊಳ್ಳಿ, 24 ಜುಲೈ 2024, ಬುಧವಾರ

ದೊಡ್ಡ ಬೋಟು ಮಾರಿ ಸಣ್ಣ ದೋಣಿ ಕೊಳ್ಳಬೇಕೆಂದಿರುವ ನನಗೆ ಬೇಲೆಕೇರಿಯ ದೋಣಿಯವರು ಇಂದು ಮೂರನೆಯ ಸಲ ಫೋನ್ ಮಾಡಿದರು. ಮೂವತ್ತೆರಡು ಅಡಿಯ ಫೈಬರ್ ನಾಡದೋಣಿ, ಆರು ವರ್ಷ ಹಳೆಯದು. 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ನೂ ಎರಡು ಕಂತಬಲೆಯೂ ಸೇರಿ ಆರೂವರೆ ಲಕ್ಷ ಹೇಳುತ್ತಿದ್ದಾರೆ. ಶುಕ್ರವಾರದೊಳಗೆ ಐವತ್ತು ಸಾವಿರ ಮುಂಗಡ ಹಾಕದಿದ್ದರೆ ಕಾರವಾರದವರೊಬ್ಬರಿಗೆ ಕೊಟ್ಟುಬಿಡುತ್ತೇವೆ ಎಂದರು. ಆ ಕಾರವಾರದವರು ನಿಜವಾಗಿ ಇದ್ದಾರೋ ಇಲ್ಲವೋ ನನಗೆ ತಿಳಿಯದು. ನಾನು ಬೋಟು ಮಾರುವಾಗಲೂ ಇಂಥ ಒಬ್ಬರನ್ನು ಹುಟ್ಟಿಸಿಕೊಳ್ಳುವವನೇ ಆದ್ದರಿಂದ ಅವರ ಮೇಲೆ ಸಿಟ್ಟೇನೂ ಇಲ್ಲ.

ಹೋಗಿ ನೋಡಿಬರೋಣವೆಂದರೆ ದಾರಿಯಿಲ್ಲ. 16ನೇ ತಾರೀಕು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಂದಿನಿಂದ ಹೆದ್ದಾರಿ ಮುಚ್ಚಿದೆ, ಗಂಗಾವಳಿ ನದಿಯಲ್ಲಿ ಇನ್ನೂ ಹುಡುಕಾಟ ನಡೆದಿದೆ. ಅಲ್ಲಿ ಜನ ತಮ್ಮವರಿಗಾಗಿ ಕಾಯುತ್ತಿರುವಾಗ ದೋಣಿ ನೋಡುವ ನೆಪದಲ್ಲಿ ಘಟ್ಟ ಹತ್ತಿ, ಯಲ್ಲಾಪುರದ ಮೇಲೆ ಸುತ್ತಿ ಹೋಗಲು ಮನಸ್ಸು ಒಪ್ಪಲಿಲ್ಲ. ಹಾಗಾಗಿ ದೋಣಿಯವರು ಕಳುಹಿಸಿದ ನಾಲ್ಕು ವಿಡಿಯೊಗಳನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ಮೂರನೆಯದರಲ್ಲಿ ಎಂಜಿನ್ ತೂಗುಹಾಕುವ ಹಿಂಭಾಗದ ಬಿಳಿ ಬಣ್ಣ ಉಳಿದ ಮೈಯ ಬಿಳಿಗಿಂತ ಹೊಸದಾಗಿ ಕಾಣುತ್ತದೆ. ಫೈಬರಿನ ಒಳಗೆ ಆ ಜಾಗದಲ್ಲಿ ಮರದ ಹಲಗೆ ಇರುತ್ತದೆ. ಬೋಲ್ಟಿನ ತೂತಿನಿಂದ ನೀರು ಇಳಿದರೆ ಹಲಗೆ ಒಳಗೊಳಗೇ ಲಡ್ಡಾಗುತ್ತದೆ, ಮೇಲೆ ಬಣ್ಣ ಬಳಿದರೆ ಕಣ್ಣಿಗೆ ಏನೂ ತಿಳಿಯುವುದಿಲ್ಲ. ನಾಣ್ಯದಿಂದ ತಟ್ಟಿದರೆ ಗಟ್ಟಿ ಹಲಗೆ ಟಣ್ ಎನ್ನುತ್ತದೆ, ನೀರು ಕುಡಿದದ್ದು ಬೊದ್ದ್ ಎನ್ನುತ್ತದೆ. ಈ ಪರೀಕ್ಷೆಯನ್ನು ಫೋನಿನಲ್ಲಿ ಮಾಡಲಾಗುವುದಿಲ್ಲ. ತಟ್ಟಿ ತೋರಿಸಿ ಎಂದು ಕೇಳಿದ್ದಕ್ಕೆ ಮಳೆ ಜೋರಿದೆ ಎಂದರು. ಮಳೆ ಜೋರಿರುವುದಂತೂ ನಿಜ.

ಈ ವಿಷಯ ನಮ್ಮ ಮನೆಯಲ್ಲಿ ಮೇ ತಿಂಗಳಿನಿಂದ ನಡೆಯುತ್ತಿದೆ. ದೊಡ್ಡಪ್ಪನ ಮಗ ಅಣ್ಣಯ್ಯನಿಗೂ ನನಗೂ ಸಮಪಾಲಿನಲ್ಲಿ ಇರುವುದು ಹನ್ನೆರಡು ವರ್ಷದ ಕಬ್ಬಿಣದ ಆಳಸಮುದ್ರ ಬೋಟು, ದಕ್ಕೆಯ, ಅಂದರೆ ಬೋಟು ಕಟ್ಟುವ ಬಂದರುಕಟ್ಟೆಯ, ಮಾತಿನಲ್ಲಿ ಹೇಳುವುದಾದರೆ ತ್ರೀಸೆವೆಂಟಿ. ಹತ್ತು ದಿನದ ಒಂದು ಟ್ರಿಪ್ಪಿಗೆ 4,500 ಲೀಟರ್ ಡೀಸೆಲ್ ಬೇಕು. ತೆರಿಗೆ ವಿನಾಯಿತಿಯ ಡೀಸೆಲ್ಲಿನಲ್ಲೇ ನಡೆಸಿದರೂ ಅದೊಂದಕ್ಕೇ ಮೂರು ಲಕ್ಷ ದಾಟುತ್ತದೆ. ಮಂಜುಗಡ್ಡೆ, ಅಕ್ಕಿ ಸಾಮಾನು, ಬಲೆಯ ರಿಪೇರಿ ಸೇರಿದರೆ ಬೋಟು ದಕ್ಕೆ ಬಿಡುವ ಮೊದಲೇ ನಾಲ್ಕು ಲಕ್ಷದ ಇಪ್ಪತ್ತು ಸಾವಿರ ನೀರಿಗೆ ಬಿದ್ದಿರುತ್ತದೆ. ಕಳೆದ ಸೀಸನ್ನಿನಲ್ಲಿ ಹತ್ತೊಂಬತ್ತು ಟ್ರಿಪ್ ಮಾಡಿದೆವು. ಅವುಗಳಲ್ಲಿ ಎಂಟು ಟ್ರಿಪ್ ಖರ್ಚಿನ ಮೊತ್ತವನ್ನೂ ಹುಟ್ಟಿಸಲಿಲ್ಲ. ಬೊಂಡಾಸ್ (ಸ್ಕ್ವಿಡ್) ಸಿಕ್ಕಿದ ನಾಲ್ಕು ಟ್ರಿಪ್ಪುಗಳು ವರ್ಷವನ್ನು ಉಳಿಸಿದವು. ಉಳಿದ ದಿನಗಳಲ್ಲಿ ತುಂಬಿ ಬಂದದ್ದು ರಾಣಿ ಮೀನು, ಅದರ ದರ ಫ್ಯಾಕ್ಟರಿಯವರು ಹೇಳಿದಷ್ಟು. ಬ್ಯಾಂಕಿನ ಕಂತು ಕಳೆದು ಇಡೀ ವರ್ಷಕ್ಕೆ ನನ್ನ ಪಾಲಿಗೆ ಉಳಿದದ್ದು ಒಂದು ಲಕ್ಷದ ಅರವತ್ತು ಸಾವಿರ. ನನ್ನ ಕೈಕೆಳಗೆ ಬೋಟು ನಡೆಸುವ ತಾಂಡೇಲನಿಗೆ ಇದಕ್ಕಿಂತ ಹೆಚ್ಚು ಸಿಕ್ಕಿದೆ, ಸಿಗಲೇಬೇಕು ಕೂಡ, ಹತ್ತು ದಿನ ನಿದ್ದೆಗೆಟ್ಟವನು ಅವನು.

ನನ್ನನ್ನು ನಿಜವಾಗಿ ದಣಿಸಿರುವುದು ಮೀನಲ್ಲ, ಮುಂಗಡ. ಒಡಿಶಾದಿಂದಲೂ ಜಾರ್ಖಂಡಿನಿಂದಲೂ ಬರುವ ಹುಡುಗರಿಗೆ ಜೂನಿನಲ್ಲಿ ಊರಿಗೆ ಹೋಗುವಾಗಲೇ ತಲಾ ಮೂವತ್ತು ನಲವತ್ತು ಸಾವಿರ ಕೊಟ್ಟು ಕಳುಹಿಸಬೇಕು. ಎಂಟು ಮಂದಿಯಲ್ಲಿ ಈವರೆಗೆ ರೈಲು ಹತ್ತಿದ್ದೇವೆ ಎಂದವರು ಐವರು. ಉಳಿದ ಮೂವರ ಫೋನು ಬಂದ್ ಆಗಿದೆ. ಬೇರೆ ದಕ್ಕೆಯಲ್ಲಿ ಹೆಚ್ಚು ಕೊಟ್ಟಿರಬಹುದು, ಅಥವಾ ಮನೆಯಲ್ಲೇ ನಾಟಿಯ ಕೆಲಸ ಮುಗಿದಿಲ್ಲದಿರಬಹುದು.

ಹೀಗಿರುವಾಗ ಬೋಟು ಕೊಟ್ಟು ಸಣ್ಣ ದೋಣಿಗೆ ಇಳಿಯಬೇಕೆಂಬುದರಲ್ಲಿ ನನಗೆ ಸಂಶಯ ಉಳಿದಿಲ್ಲ. ಯಾವಾಗ ಎಂಬುದರಲ್ಲೇ ಎಲ್ಲ ಗೊಂದಲ, ಏಕೆಂದರೆ ದೊಡ್ಡದನ್ನು ಮಾರುವ ಕಾಲವೂ ಸಣ್ಣದನ್ನು ಕೊಳ್ಳುವ ಕಾಲವೂ ಒಂದಕ್ಕೊಂದು ವಿರುದ್ಧವಾಗಿ ನಡೆಯುತ್ತವೆ. ಜೂನ್ 1ರಿಂದ ಜುಲೈ 31ರವರೆಗಿನ ಮಳೆಗಾಲದ ಮೀನುಗಾರಿಕೆ ನಿಷೇಧದಲ್ಲಿ ಯಾಂತ್ರೀಕೃತ ಬೋಟುಗಳು ಕಟ್ಟಿಬಿದ್ದಿರುತ್ತವೆ. ಈ ಎರಡು ತಿಂಗಳಲ್ಲೇ ಕೊಳ್ಳುವವರು ಬಂದು ಎಂಜಿನ್ ತೆರೆದು ನೋಡಿ, ಆಗಸ್ಟ್ ಒಂದಕ್ಕೆ ಕಡಲಿಗೆ ಇಳಿಸುವಂತೆ ವ್ಯಾಪಾರ ಮುಗಿಸುತ್ತಾರೆ. ಹತ್ತು ಅಶ್ವಶಕ್ತಿಯೊಳಗಿನ ನಾಡದೋಣಿಗೆ ಮಾತ್ರ ಈ ಅವಧಿಯಲ್ಲಿ ಕಡಲು ತೆರೆದಿರುವುದರಿಂದ ಮೇ ತಿಂಗಳಿನಿಂದಲೇ ಅದರ ಬೆಲೆ ಏರುತ್ತದೆ, ಚೌತಿ ಕಳೆದ ಮೇಲೆ ಇಳಿಯುತ್ತದೆ. ಈಗ ಮಾರಿ ಆಮೇಲೆ ಕೊಳ್ಳುವುದು ಲೆಕ್ಕದ ಪ್ರಕಾರ ಸರಿ. ಬೋಟಿಗೆ ದಲ್ಲಾಳಿ ಹೇಳಿದ ಬೆಲೆ ಐವತ್ತಾರು ಲಕ್ಷ. ಅದರಲ್ಲಿ ಇಪ್ಪತ್ತು ಲಕ್ಷ ಸಾಲ ತೀರಿಸಿದರೆ ಅಣ್ಣಯ್ಯನಿಗೂ ನನಗೂ ತಲಾ ಹದಿನೆಂಟು ಲಕ್ಷ ಬರುತ್ತದೆ.

ಅಣ್ಣಯ್ಯ ಒಪ್ಪುತ್ತಿಲ್ಲ. ನಿಷೇಧ ಮುಗಿದ ಮೇಲಿನ ಮೊದಲ ಎರಡು ಟ್ರಿಪ್ಪುಗಳಲ್ಲಿ ಬರುವಷ್ಟು ಮೀನು ಮತ್ತೆ ಬರುವುದಿಲ್ಲ, ಅದನ್ನು ಬೇರೆಯವರ ಬಾಯಿಗೆ ಹಾಕುವುದೇಕೆ ಎಂಬುದು ಅವನ ವಾದ. ಇನ್ನೊಂದು ವಾದವೂ ಇದೆ: ಈ ರಜೆಯಲ್ಲಿ ಎಂಜಿನ್ ಕೆಲಸಕ್ಕೂ ಬಣ್ಣಕ್ಕೂ ಹೊಸ ಬಲೆಗೂ ಮೂರು ಲಕ್ಷದ ಎಂಬತ್ತು ಸಾವಿರ ಹಾಕಿದ್ದೇವೆ. ಖರ್ಚಾಗಿ ಹೋದ ಹಣವನ್ನು ಮುಂದಿನ ಲೆಕ್ಕಕ್ಕೆ ತರಬಾರದೆಂದು ನನಗೆ ಗೊತ್ತಿದೆ. ಆದರೂ ದಕ್ಕೆಯಲ್ಲಿ ಆ ಹೊಸ ನೀಲಿ ಬಣ್ಣ ಕಂಡಾಗಲೆಲ್ಲ ನಾನೂ ಅದನ್ನು ತರುತ್ತೇನೆ. ಕಳೆದ ನವೆಂಬರ್‌ನಲ್ಲಿ ದೀಪಾವಳಿಯ ಹೊತ್ತಿಗೆ ನಮ್ಮ ಊರಲ್ಲೇ ನಿಲ್ಲಿಸಿಟ್ಟ ಬೋಟುಗಳು ಹೊತ್ತಿ ಉರಿದದ್ದನ್ನು ನೋಡಿದಂದಿನಿಂದ ಅಣ್ಣಯ್ಯನೂ ರಾತ್ರಿ ಎದ್ದು ದಕ್ಕೆಗೆ ಹೋಗಿ ಬರುತ್ತಾನೆ. ಅಷ್ಟು ಭಯವಿರುವ ಸೊತ್ತನ್ನು ಬಿಡಲು ಅವನಿಗೆ ಮನಸ್ಸಿಲ್ಲ.

ಸಣ್ಣ ದೋಣಿಯೇನು ಹೂವಿನ ಹಾಸಿಗೆಯಲ್ಲ. ಸಬ್ಸಿಡಿಯ ಸೀಮೆಎಣ್ಣೆಯನ್ನು ನಂಬಿ ಕುಳಿತವರ ಪಾಡನ್ನು ನೋಡಿದ್ದೇನೆ. 2023ರ ಜುಲೈ ರಾಜ್ಯ ಬಜೆಟ್ಟಿನಲ್ಲಿ ಸೀಮೆಎಣ್ಣೆ ಎಂಜಿನ್ನನ್ನು ಪೆಟ್ರೋಲಿಗೋ ಡೀಸೆಲ್ಲಿಗೋ ಬದಲಿಸಲು ತಲಾ ಐವತ್ತು ಸಾವಿರ ರೂಪಾಯಿ ಸಹಾಯಧನ ಘೋಷಿಸಿದ್ದೂ ಅದೇ ಕಾರಣಕ್ಕೆ. ಪೆಟ್ರೋಲಿನಲ್ಲಿ ನಡೆಸಿದರೆ ದಿನಕ್ಕೆ ಇಪ್ಪತ್ತೈದು ಲೀಟರ್ ಎಂದರೂ ಎರಡೂವರೆ ಸಾವಿರ ಮೀರುತ್ತದೆ, ಮೂವರ ಪಾಲು ಬೇರೆ. ಬಂಗುಡೆಯ ರಾಶಿ ಸಿಕ್ಕಿದ ದಿನ ಇದು ಏನೂ ಅಲ್ಲ, ಬಲೆ ಬರಿದಾಗಿ ಬಂದ ದಿನ ಇದೇ ಎಲ್ಲ. ಆದರೆ ಆ ದಿನದ ನಷ್ಟ ಎರಡೂವರೆ ಸಾವಿರಕ್ಕೆ ನಿಲ್ಲುತ್ತದೆ, ನಾಲ್ಕು ಲಕ್ಷಕ್ಕೆ ಹೋಗುವುದಿಲ್ಲ ಎಂಬುದೇ ನನ್ನನ್ನು ಎಳೆಯುತ್ತಿರುವ ವಿಷಯ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. ಅವರು ಸಾರು ಬಡಿಸುತ್ತಾ ಒಂದೇ ಮಾತು ಕೇಳಿದರು: "ಅಳ್ವಿ ದಾಟ್ಸುಕೆ ನಿನ್ ಕೈಯಂಗ್ ಆತ್ತಾ ಈಗ?"

ನನಗೆ ನಲವತ್ತೇಳು. ಆರು ವರ್ಷದಿಂದ ನಾನು ದಕ್ಕೆಯಲ್ಲಿ ಪುಸ್ತಕ ಹಿಡಿದು ಕುಳಿತವನು, ಕಡಲಿಗೆ ಇಳಿದವನಲ್ಲ. ಅಳ್ವಿ ಎಂದರೆ ಅಳಿವೆ, ಪಂಚಗಂಗಾವಳಿ ನದಿ ಕಡಲು ಸೇರುವ ಜಾಗ. ಅಲ್ಲಿ ಹೂಳಿನ ದಿಬ್ಬದ ಮೇಲೆ ತೆರೆ ಒಡೆಯುವಾಗ, ಎರಡು ತೆರೆಗಳ ನಡುವಿನ ಬಿಡುವನ್ನು ನೋಡಿ ಎಂಜಿನ್ನಿನ ವೇಗ ಏರಿಸಿ ದೋಣಿಯನ್ನು ನೇರ ಹಿಡಿಯಬೇಕು. ಒಂದು ಗಳಿಗೆ ಅಡ್ಡವಾದರೆ ಮಗುಚುತ್ತದೆ. ಇಪ್ಪತ್ತೈದರಲ್ಲಿ ಇದನ್ನು ನಾನು ಬೀಡಿ ಕಚ್ಚಿಕೊಂಡೇ ಮಾಡುತ್ತಿದ್ದೆ. ಈಗ ಮಂಡಿ ಬಗ್ಗಿಸಿ ಏಳುವಾಗ ಗೋಡೆ ಬೇಕು. ಮೇ ತಿಂಗಳಿನಿಂದ ಮಾಡಿದ ಲೆಕ್ಕಗಳಲ್ಲಿ ಡೀಸೆಲ್, ಬಡ್ಡಿ, ಮೀನಿನ ದರ ಎಲ್ಲ ಇದ್ದವು, ಈ ಮಂಡಿ ಮಾತ್ರ ಇರಲಿಲ್ಲ. ಮಗ ಮಣಿಪಾಲದಲ್ಲಿ ಕೆಲಸಕ್ಕಿದ್ದಾನೆ, ಅವನು ಬರುವುದಿಲ್ಲ, ಬರಬೇಕೆಂದು ನಾನು ಕೇಳುವುದೂ ಇಲ್ಲ.

ಸಂಜೆ ಭಾವಮೈದುನನಿಗೆ ಫೋನ್ ಮಾಡಿದೆ. ಅವನ ದೋಣಿ ಮಳೆ ಸ್ವಲ್ಪ ಬಿಟ್ಟರೆ ಸಿಗಡಿಗೆ ಹೊರಡಲಿದೆ. ನಾಲ್ಕೈದು ದಿನ ನನ್ನನ್ನೂ ಕರೆದುಕೊಂಡು ಹೋಗು, ಪಾಲು ಬೇಡ ಎಂದೆ. ಅವನು ನಕ್ಕು, ಲೈಫ್ ಜಾಕೆಟ್ ನೀವೇ ತನ್ನಿ ಭಾವ ಎಂದ. ಬೇಲೆಕೇರಿಯವರಿಗೆ, ಹೆದ್ದಾರಿ ತೆರೆದ ಮೇಲೆ ಫೈಬರ್ ಕೆಲಸದವನನ್ನು ಕರೆದುಕೊಂಡು ಬರುತ್ತೇನೆ, ನೋಡದೆ ಮುಂಗಡ ಕೊಡುವುದಿಲ್ಲ ಎಂದು ತಿಳಿಸಿದೆ. ದೋಣಿ ಕೈತಪ್ಪಿದರೆ ತಪ್ಪಲಿ. ಅಣ್ಣಯ್ಯನ ಮಾತಿನಂತೆ ಆಗಸ್ಟಿನ ಎರಡು ಟ್ರಿಪ್ ಮಾಡುವುದು, ಸೆಪ್ಟೆಂಬರ್ 7ರ ಚೌತಿ ಕಳೆದ ಮೇಲೆ ಬಂದ ಬೆಲೆಗೆ ಬೋಟು ಬಿಡುವುದು ಎಂದು ಇಬ್ಬರೂ ಒಪ್ಪಿದೆವು. ಐವತ್ತಾರರ ಬದಲು ಐವತ್ತೆರಡು ಬಂದರೆ ನನ್ನ ಪಾಲಿಗೆ ಎರಡು ಲಕ್ಷ ಕಡಿಮೆ. ಅದನ್ನು ಟ್ರಿಪ್ಪುಗಳು ತುಂಬಿಕೊಡಬಹುದು, ಕೊಡದಿರಲೂಬಹುದು.

ಇನ್ನೊಂದು ಹಾದಿಯಿದೆ. 2020ರಲ್ಲಿ ಶುರುವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಂಪ್ರದಾಯಿಕ ಮೀನುಗಾರರ ಹಳೆಯ ದೋಣಿಗೆ ಬದಲಿಯಾಗಿ ಹೊಸ ದೋಣಿ ಮತ್ತು ಬಲೆಗೆ ಸಹಾಯಧನವಿದೆ, ಸಾಮಾನ್ಯ ವರ್ಗಕ್ಕೆ ಶೇಕಡಾ 40, ಮಹಿಳೆಯರಿಗೆ ಶೇಕಡಾ 60. ಐದು ವರ್ಷಕ್ಕೆಂದು ಘೋಷಿಸಿದ ಆ ಯೋಜನೆಗೆ ಮೊದಲಿನ ಲೆಕ್ಕದ ಪ್ರಕಾರ 2024-25 ಕೊನೆಯ ವರ್ಷ. ಬೇಲೆಕೇರಿಯಂಥ ಹಳೆಯ ದೋಣಿಗೆ ಅದು ಅನ್ವಯಿಸುವುದಿಲ್ಲ. ಹೊಸದಕ್ಕೆ ಯಾರ್ಡಿನವರು ಹೇಳಿದ್ದು ಹನ್ನೊಂದು ಲಕ್ಷವಾದ್ದರಿಂದ ಸಹಾಯಧನ ಸಿಕ್ಕಿದರೆ ಮಾತ್ರ ನಾನು ಆ ಕಡೆ ನೋಡಬಲ್ಲೆ. ಬದಲಿ ಎಂದು ತೋರಿಸಲು ಹಳೆಯ ದೋಣಿ ಬೇಕಲ್ಲ, ಅದು ನಮ್ಮ ಹಿತ್ತಿಲಲ್ಲೇ ಇದೆ: ಅಪ್ಪಯ್ಯನ ಪಾತಿ ದೋಣಿ, ಮಡಲಿನ ಮಾಡಿನಡಿ ಒಂಬತ್ತು ವರ್ಷದಿಂದ ಮಗುಚಿ ಮಲಗಿದೆ, ಕೆಳಗೆ ಅಮ್ಮ ಸೌದೆ ಒಟ್ಟಿದ್ದಾರೆ. ಅದರ ನೋಂದಣಿ ಅಮ್ಮನ ಹೆಸರಿಗೆ ಬದಲಾಗಿತ್ತೇ ಎಂದು ಇಲಾಖೆಯಲ್ಲಿ ಕೇಳಬೇಕು.

ರಾತ್ರಿ ಮಳೆಯಲ್ಲೇ ಅಮ್ಮ ಕೊಡೆ ಹಿಡಿದರು, ನಾನು ಟಾರ್ಚ್ ಬಿಟ್ಟು ದೋಣಿಯ ಮೂತಿಯ ಬಳಿಯ ಪಾಚಿಯನ್ನು ತೆಂಗಿನ ಚಿಪ್ಪಿನಿಂದ ಹೆರೆದೆ. ಸಂಖ್ಯೆ ಕಾಣಿಸಿತು. ಕೊನೆಯ ಎರಡು ಅಂಕಿಗಳಿದ್ದ ಜಾಗವನ್ನು ಗೆದ್ದಲು ತಿಂದಿದೆ. ಅಪ್ಪಯ್ಯನ ಟ್ರಂಕಿನಲ್ಲಿ ದೋಣಿಯ ಪುಸ್ತಕ ಇರಬಹುದು ಎಂದು ಅಮ್ಮ ಹೇಳುತ್ತಾರೆ. ಬೀಗದ ಕೈ ಎಲ್ಲಿದೆ ಎಂಬುದನ್ನು ಬೆಳಿಗ್ಗೆ ನೋಡಬೇಕು.