ಜುಲೈ 18, ಶುಕ್ರವಾರ: ದೊಡ್ಡಮ್ಮನ ಉರಿ

"ಸೆರಗು ತಾಗಿದ್ರೂ ಬೆಂಕಿ ಇಟ್ಟ ಹಾಗಾಗ್ತದೆ ಮಾರಾಯ್ತಿ" ಅಂದರು ದೊಡ್ಡಮ್ಮ. ಸರ್ಪಸುತ್ತಿನ ಗುಳ್ಳೆ ಒಣಗಿ ತಿಂಗಳುಗಳೇ ಆದವು. ಪಕ್ಕೆಯಲ್ಲಿ ಬರೀ ಕಲೆ ಉಳಿದಿದೆ, ಅದಕ್ಕೇ ಮನೆಯವರು "ಇನ್ನೂ ಎಂತ ನೋವು?" ಅಂತ ಕೇಳ್ತಾರೆ.

ಲಕ್ಕಿ ಸೊಪ್ಪಿನ ಎಣ್ಣೆ ಹಚ್ತಿದ್ದಾರೆ. ಅದರಲ್ಲಿ ಗುಣ ಇದ್ಯಾ ಅಂತ ನನ್ನನ್ನೇ ಕೇಳಿದರು. ಲಕ್ಕಿಯ ಸಾರ ಇಲಿಗಳಲ್ಲಿ ನೋವು, ಊತ ಇಳಿಸಿದ್ದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ದೊಡ್ಡಮ್ಮನದು ಮೈಕೈ ನೋವಲ್ಲ. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ಸೇ ನರದ ಬುಡದಲ್ಲಿ ಅಡಗಿದ್ದು, ವಯಸ್ಸಾದ ಮೇಲೆ ಎದ್ದು ಆ ನರವನ್ನೇ ಕೆಡಿಸಿದೆ. ಎಣ್ಣೆ ಅಲ್ಲಿಗೆ ಮುಟ್ಟುತ್ತದೆ ಅಂತ ನನಗೆ ನಂಬಿಕೆ ಇಲ್ಲ. ಬಿಡಿ ಅಂತಲೂ ಹೇಳಲಿಲ್ಲ. ಹಚ್ಚುವಷ್ಟು ಹೊತ್ತು ಸೊಸೆ ಪಕ್ಕದಲ್ಲಿ ಕೂತಿರ್ತಾಳೆ.

ಗಿಡದ ಮದ್ದುಗಳಲ್ಲಿ ಈ ನೋವಿಗೆ ಗಟ್ಟಿ ಪುರಾವೆ ಇರೋದು ಮೆಣಸಿನಕಾಯಿಗೆ. ಅದರ ಖಾರ, ಕ್ಯಾಪ್ಸೈಸಿನ್, ನರದ ತುದಿಯನ್ನು ಮೊದಲು ಕೆರಳಿಸಿ ಆಮೇಲೆ ಮಂಕಾಗಿಸ್ತದೆ. ಆ ಖಾರ ನರಕ್ಕೆ ಗೊತ್ತಾಗೋದು ಹೇಗೆ ಅಂತ ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಶೇ 8ರ ಕ್ಯಾಪ್ಸೈಸಿನ್ ಪಟ್ಟಿಗೆ ಅಮೆರಿಕದಲ್ಲಿ ಸರ್ಪಸುತ್ತಿನ ನಂತರದ ನೋವಿಗೆಂದೇ 2009ರಲ್ಲಿ ಒಪ್ಪಿಗೆ ಸಿಕ್ಕಿದೆ. ಆಸ್ಪತ್ರೆಯಲ್ಲೇ ಒಂದು ಗಂಟೆ ಅಂಟಿಸಿ ತೆಗೀತಾರೆ. ಎಲ್ಲರಿಗೂ ಅಲ್ಲ, ಕೆಲವರಿಗೆ ಸುಮಾರು ಮೂರು ತಿಂಗಳು ಆರಾಮ.

"ಹಾಗಾದ್ರೆ ಹಿತ್ತಲ ಸೂಜಿಮೆಣಸು ಅರೆದು ಹಚ್ಚಲೇನೇ?"

ಎದೆ ಧಸಕ್ ಅಂತು. ಬೇಡ ದೊಡ್ಡಮ್ಮ, ಚರ್ಮ ಸುಟ್ಟು ಹೋಗ್ತದೆ, ದಮ್ಮಯ್ಯ ಬೇಡ.

ಸಿಟ್ಟು ಇನ್ನೂ ಇಳಿದಿಲ್ಲ. ಗುಳ್ಳೆ ಎದ್ದಾಗ ಊರವರಿಗೆಲ್ಲ ಸರ್ಪದ ತಲೆ, ಬಾಲ ಕೂಡ್ತದಾ ಅನ್ನೋದೇ ಚಿಂತೆ. ಕೆಮ್ಮಣ್ಣು ಹಚ್ಚಿ ಕೂರಿಸಿದ್ರು. ವೈರಸ್ಸನ್ನು ತಡೆಯೋ ಅಸೈಕ್ಲೋವಿರ್ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಿದ್ರೆ ಗುಳ್ಳೆ ಬೇಗ ಮಾಗ್ತಿತ್ತು, ಆ ಮೊದಲ ವಾರಗಳ ನರಳಾಟವಾದರೂ ಕಡಿಮೆ ಆಗ್ತಿತ್ತು. ಒಬ್ಬರೂ ಹೇಳಲಿಲ್ಲ.

ಆಮೇಲೆ ಡಾಕ್ಟರು ನರದ ನೋವಿಗೆ ಬರೆದ ಗಾಬಾಪೆಂಟಿನ್ ತಲೆ ತಿರುಗ್ತದೆ ಅಂತ ಬಿಟ್ಟಿದ್ದಾರೆ. ಸಣ್ಣ ಡೋಸಿನಿಂದ ನಿಧಾನ ಏರಿಸಬೇಕಾದ ಮಾತ್ರೆ ಅದು, ಇನ್ನೊಮ್ಮೆ ಕೇಳೋಣ, ಸೋಮವಾರ ಶಿವಮೊಗ್ಗಕ್ಕೆ ಹೋಗೋಣ ಅಂದೆ. ನೆಟ್ಟಿ ಮುಗೀಲಿ ಅಂದರು. ನೆಟ್ಟಿ ಆದಮೇಲೆ ಅಡಿಕೆಗೆ ಎರಡನೇ ಸಲ ಕೊಳೆಮದ್ದು ಹೊಡೆಯೋರು ಬರ್ತಾರಂತೆ, ಅವರಿಗೆ ಊಟ ತಿಂಡಿ ಯಾರು ಮಾಡೋದು ಅಂತ.